ನಡು ಬಗ್ಗಿಸುವ ಬಂದೂಕು

ಚುನಾವಣೆ ಬಂದರೆ ಲೈಸೆನ್ಸ್ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಕುಷ್ಟಗಿ ಕಡೆಯ ಒಂದು ಠಾಣೆಯಲ್ಲಿ ಅವನ್ನು ರಿಜಿಸ್ಟರಿಗೆ ಬರೆಯುವ ಕೆಲಸ ನನ್ನದಾಗಿತ್ತು. 'ಆ್ಯಕ್ಷನ್' ಎಂಬ ಕಾಲಂ ಅರ್ಥವಾಗದೆ, ಎಲ್ಲೋ ಕೇಳಿದ್ದ 'ಬೋಲ್ಟ್' ಎಂಬ ಪದವನ್ನೇ ಎಲ್ಲದಕ್ಕೂ ಬರೆದಿದ್ದೆ.

ದಾಳಿಂಬೆ ತೋಟದ ಅಜ್ಜಿಯೊಬ್ಬರು ತಮ್ಮ ಬಂದೂಕು ತಂದು, "ಏನ್ ಬರದ್ರಿ?" ಎಂದರು. ಓದಿ ಹೇಳಿದೆ.

"ಬೋಲ್ಟ್ ಅಂದ್ರ ಚಿಲಕ ರೀ. ಗುಂಡು ತುಂಬಾಕ ಬಾಗಲದ ಚಿಲಕದಂಗ ಎಳದು ಹಾಕೂದು. ಇದು ನಡಾ ಬಗ್ಗಸೂದು, ನೋಡ್ರಿ." ನಳಿಗೆಯನ್ನು ನೆಲಕ್ಕೆ ತಿರುಗಿಸಿ, ಬಂದೂಕನ್ನು ನಡುವಿನಲ್ಲಿ ಮಡಚಿ ತೋರಿಸಿದರು. "ಖಾಲಿ ಐತಿ. ನನ್ನ ಮಾತು ನಂಬಬ್ಯಾಡ್ರಿ, ನೀವ ನೋಡ್ರಿ."

ಎಂಥಾ ಗುರು! ಅವರಿಗೆ ಚಹಾ ತರಿಸಿ, ಕೋಣೆಯಲ್ಲಿದ್ದ ಉಳಿದ ಬಂದೂಕುಗಳನ್ನೂ ತೋರಿಸಿದೆ. ಒಂದೊಂದಾಗಿ ಎಲ್ಲವೂ ನಡು ಬಗ್ಗಿಸಿದವು. ಬೋಲ್ಟ್ ಇದ್ದದ್ದು ಆ ಕೋಣೆಯ ಬಾಗಿಲಿಗೆ ಮಾತ್ರ.