ಅತ್ತೆಯ ತಾಳಕ್ಕೆ ಬಿದ್ದ ‘ಲೇಟ್’

ಕಳೆದ ವಾರ ಕಡೂರಿನ ನಮ್ಮ ಮನೆಯಲ್ಲಿ ಮಗಳು ಮೊಬೈಲಿನಲ್ಲಿ ತಾಳದ ಆಟ ಆಡುತ್ತಿದ್ದಳು. ನೀವೂ ನೋಡಿರುತ್ತೀರಿ. ಹಾಡು ಓಡುತ್ತದೆ, ಮೇಲಿನಿಂದ ಬಣ್ಣದ ಬಿಲ್ಲೆಗಳು ಇಳಿಯುತ್ತವೆ. ಗೆರೆ ಮುಟ್ಟಿದ ಕ್ಷಣಕ್ಕೆ ಬೆರಳಿಟ್ಟರೆ ‘ಪರ್ಫೆಕ್ಟ್’, ಕೂದಲೆಳೆಯಷ್ಟು ತಪ್ಪಿದರೆ ‘ಗ್ರೇಟ್’, ಇನ್ನಷ್ಟು ತಪ್ಪಿದರೆ ‘ಗುಡ್’. ಶಾಲೆಯಲ್ಲಿ ಒಂದು ಗುಡ್‌ಗಾಗಿ ವರ್ಷವಿಡೀ ಕಾದ ನನ್ನಂಥವನಿಗೆ, ಇಲ್ಲಿ ಗುಡ್ ಎಂದರೆ ಹೇಗೋ ಬದುಕಿಕೊಂಡೆ ಎಂದಷ್ಟೇ ಅರ್ಥ ಎಂದು ತಿಳಿದಾಗ ಬೇಸರವೇ ಆಗಿತ್ತು. ಅದಕ್ಕೂ ಕೆಳಗೆ ‘ಲೇಟ್’, ‘ಮಿಸ್’. ಆ ‘ಲೇಟ್’ ಕಂಡಾಗಲೆಲ್ಲ ನನಗೆ ಅಜ್ಜಂಪುರದ ಸರ್ವಮಂಗಳತ್ತೆ ನೆನಪಾಗುತ್ತಾಳೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಅಲ್ಲಿನ ಮಠದ ಜಗಲಿಯಲ್ಲಿ ಪ್ರತಿ ಸೋಮವಾರ ಹೆಂಗಸರ ಭಜನೆ. ಹಿತ್ತಾಳೆಯ ತಾಳ ಅವಳ ಕೈಯಲ್ಲಿ. ಹಾರ್ಮೋನಿಯಂ ದಾರಿ ತಪ್ಪಬಹುದು, ಹಾಡುವವರು ಸಾಲು ಮರೆಯಬಹುದು, ತಾಳ ಮಾತ್ರ ಅಲುಗಬಾರದು. ಅವಳಿಗೂ ತೀರ್ಪಿನ ಪದಗಳಿದ್ದವು. ಸರಿಯಾಗಿ ಬಿದ್ದರೆ “ಕೂತ್ಕಂತು”. ಹಿಂದೆ ಬಿದ್ದರೆ “ಎಮ್ಮೆ ಮೇಯ್ಸಕ್ಕೆ ಹೋಗಿದ್ದೇನೇ?” ನನಗೆ ಹತ್ತು ವರ್ಷವಾಗಿದ್ದಾಗ ಒಮ್ಮೆ ತಾಳ ಕೊಟ್ಟು ನೋಡಿದಳು. ಅರ್ಧ ಹಾಡಿಗೇ ಕಿತ್ತುಕೊಂಡು, “ನೀನು ಪ್ರಸಾದ ಹಂಚೋಗಪ್ಪಾ, ಅದುಕ್ಕೆ ತಾಳ ಬೇಕಿಲ್ಲ” ಅಂದಳು. ಜಗಲಿಯೆಲ್ಲ ನಕ್ಕಿತು. ಮೀಸೆ ಬಂದರೂ ನಾನು ಆ ನಗು ಮರೆಯಲಿಲ್ಲ.

ಏಳು ವರ್ಷದ ಹಿಂದೆ ಹೊಸ ಮೊಬೈಲು ಕೊಂಡ ಗತ್ತಿನಲ್ಲಿ ಅವಳ ಮನೆಗೆ ಹೋದೆ. ಪಕ್ಕದ ಮನೆಯ ನೀಲಾ ಮತ್ತು ಭಜನೆಯ ಇನ್ನಿಬ್ಬರು ಕೂತಿದ್ದರು. ಇಂಥದೇ, ಆದರೆ ಒಂದೇ ಕಡೆ ಬೆರಳಿಡುವ ಸುಲಭದ ಆಟ ಹಾಕಿ, ಅತ್ತೆಗೆ ಚೆನ್ನಾಗಿ ಕೇಳಲೆಂದು ವೈರ್ ಇಲ್ಲದ ಸ್ಪೀಕರನ್ನೂ ಜೋಡಿಸಿದೆ. ನೀಲಾ ಬಿಲ್ಲೆಗಳನ್ನೇ ನೋಡುತ್ತ ಒತ್ತಿದಳು. ಗ್ರೇಟ್, ಗುಡ್, ಗ್ರೇಟ್. ಅತ್ತೆಗೆ ಬಿಲ್ಲೆ ಸರಿಯಾಗಿ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ, ಹಾಡು ಕೇಳಿಸಿಕೊಂಡು ಒತ್ತಿದಳು. ಲೇಟ್. ಮತ್ತೆ ಲೇಟ್.

“ಏನಂತೋ ಅದು?”

“ತಡ ಆಯ್ತು ಅಂತೆ ಅತ್ತೆ.”

“ಇನ್ನೊಂದ್ಸಲ ಹಾಕು.”

ಹಾಕಿದೆ. ಈ ಸಲವೂ ಅದೇ. “ಮಿಷನ್ ಅತ್ತೆ, ಅದು ಮುಲಾಜು ನೋಡಲ್ಲ” ಅಂದೆ. ಅನ್ನುವಾಗ ನನಗೆ ಖುಷಿಯಾಗಿತ್ತು. ಅದನ್ನು ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ?

ಮುಂದಿನ ಸೋಮವಾರ ಅತ್ತೆ ತಾಳವನ್ನು ನೀಲಾಳ ಮಡಿಲಿಗೆ ಹಾಕಿದಳಂತೆ. “ನನ್ ಕಿವಿ ಹೋಯ್ತು ಕಣೇ, ಇನ್ನು ನೀನೇ ಹಾಕು” ಅಂದು ಹಿಂದಿನ ಸಾಲಿಗೆ ಹೋಗಿ ಕೂತಳಂತೆ. ವಯಸ್ಸಾಯ್ತಲ್ಲ ಎಂದು ಎಲ್ಲರೂ ಒಪ್ಪಿಕೊಂಡರು. ನಾನೂ ಒಪ್ಪಿಕೊಂಡೆ.

ಈಗ ಮಗಳ ವಿಷಯಕ್ಕೆ ಬರುತ್ತೇನೆ. ಅವತ್ತು ಅವಳು ಕಿವಿಗೆ ವೈರ್ ಇಲ್ಲದ ಹೊಸ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಸಾಲಾಗಿ ಲೇಟ್, ಲೇಟ್. ಅಳುತ್ತಾಳೆಂದುಕೊಂಡರೆ ಸೆಟಿಂಗಿಗೆ ಹೋಗಿ ಏನನ್ನೋ ಎಳೆದಳು. ಆಮೇಲೆ ಎಲ್ಲ ಪರ್ಫೆಕ್ಟ್.

“ಏನೇ ಮಾಡ್ದೆ?”

“ವೈರ್ ಇಲ್ದಿದ್ರೆ ಸೌಂಡೇ ತಡವಾಗಿ ಬರುತ್ತಪ್ಪ, ಅದನ್ನ ಸರಿ ಮಾಡ್ದೆ. ಕೇಳಿಸ್ಕೊಂಡು ಆಡೋರಿಗೆಲ್ಲ ಲೇಟ್ ಅನ್ನುತ್ತೆ. ನೋಡ್ಕೊಂಡು ಆಡಿದ್ರೆ ಗೊತ್ತಾಗಲ್ಲ.”

ಏಳು ವರ್ಷದ ಹಿಂದಿನ ಆ ಸ್ಪೀಕರು ನೆನಪಾಯಿತು. ಅತ್ತೆ ಸರಿಯಾಗಿಯೇ ಒತ್ತಿದ್ದಳು. ಹಾಡನ್ನೇ ತಡಮಾಡಿ ಕೇಳಿಸಿದವನು ನಾನು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಸೋಮವಾರ ರಜೆ ಹಾಕಿ ಅಜ್ಜಂಪುರದ ರೈಲು ಹತ್ತಿದೆ. ಅತ್ತೆ ಅವರೇಕಾಯಿ ಸುಲಿಯುತ್ತಿದ್ದಳು. ಸ್ಪೀಕರಿನ ಕಥೆಯನ್ನೆಲ್ಲ ಹೇಳಿ, “ತಪ್ಪು ನನ್ನದು ಅತ್ತೆ, ನಿನ್ನ ಕಿವಿದಲ್ಲ” ಅಂದೆ. ಅವಳು ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದಳು.

“ಹಂಗಾರೆ ನೀಲಾ ತಾಳ್ದಲ್ಲಿ ಮುಂದೆ ಓಡ್ತಿರೋದು ದಿಟವೇನೋ?” ಅಂದಳು. “ವಾರವಾರ ಓಡ್ತಾಳೆ ಅನ್ಸದು. ನಾನೇ ಹಿಂದೆ ಬಿದ್ದಿದೀನಿ ಅಂದ್ಕಂಡು ಬಾಯ್ ಮುಚ್ಕಂಡಿದ್ದೆ. ಏಳು ವರ್ಷ ಕಣೋ!”



ಸಂಜೆ ಜಗಲಿಯಲ್ಲಿ ಎಲ್ಲರೆದುರು ನನ್ನ ತಪ್ಪು ಒಪ್ಪಿಕೊಂಡೆ. ನೀಲಾ ತಾನೇ ಎದ್ದು ತಾಳ ತಂದುಕೊಟ್ಟಳು. ಅತ್ತೆ ಒಂದು ವಚನಕ್ಕೆ ಹಾಕಿದಳು. ಎರಡನೆಯದರ ನಡುವೆ ಮಣಿಕಟ್ಟು ಸೋತಿತು. ಈ ಏಳು ವರ್ಷದಲ್ಲಿ ಕೈಗೆ ನಿಜವಾಗಿಯೇ ವಯಸ್ಸಾಗಿತ್ತು. ತಾಳವನ್ನು ನೀಲಾಳಿಗೆ ಹಿಂತಿರುಗಿಸಿದಳು. ನನಗೆ ತಲೆಯೆತ್ತಲಾಗಲಿಲ್ಲ.

ಆದರೆ ಅತ್ತೆ ಹಿಂದಿನ ಸಾಲಿಗೆ ಹೋಗಲಿಲ್ಲ. ನೀಲಾಳ ಮಂಡಿಗೆ ಮಂಡಿ ತಾಗಿಸಿ ಅಲ್ಲೇ ಕೂತಳು. ಹಾಡು ಶುರುವಾಗಿ ನಾಲ್ಕು ಸಾಲು ದಾಟಿರಲಿಲ್ಲ, ಜಗಲಿ ನಡುಗುವಂತೆ ಅತ್ತೆಯ ದನಿ ಕೇಳಿಸಿತು.

“ಏನೇ ನೀಲಾ, ರೈಲು ಹಿಡೀಬೇಕೇನೇ? ನಿಧಾನಕ್ಕೆ ಹಾಕೇ!”