ಗಾಳಿಗಿಂತ ಮುಂಚೆ ಬಂದ ಅತ್ತಿಗೆ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಕಾರ್ತಿಕ ಮಾಸ. ನನ್ನ ದಿನಚರಿಯಲ್ಲಿ ಆ ಸೋಮವಾರದ ಕೆಳಗೆ ಹೀಗಿದೆ: "ಅಣ್ಣನ ಮದುವೆಯ ಚಪ್ಪರ ಎದ್ದಿತು. ಕಂಬ ಇಪ್ಪತ್ತನಾಲ್ಕು. ತೆಂಗಿನ ಗರಿ ನೂರ ಮೂವತ್ತು. ಹಗ್ಗ ನೂರ ಅರವತ್ತನಾಲ್ಕು ಮಾರು. ಮದುವೆಗೆ ಇನ್ನು ನಾಲ್ಕು ದಿನ."

ಮಳವಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಮಿಡ್ಲ್ ಸ್ಕೂಲು ಓದಿ ಬಂದವಳು ನಾನು. ಅಲ್ಲಿಂದ ತಂದದ್ದು ಎರಡು: ಗೆರೆ ಹಾಕಿದ ನೋಟುಬುಕ್ಕು, ಮತ್ತು ಕಂಡದ್ದನ್ನೆಲ್ಲ ಎಣಿಸುವ ಚಟ. ನಮ್ಮ ಊರು ಎಣಿಸುವುದಕ್ಕೆ ಸುಲಭ. ತಾಲ್ಲೂಕಿನ ಅಂಚಿನಲ್ಲಿ ಕಾವೇರಿ ಎರಡಾಗಿ ಸೀಳಿ ಮತ್ತೆ ಕೂಡುವ ಕಡೆ ಒಂದು ಗಡ್ಡೆ. ಅದರ ಮೇಲೆ ಹನ್ನೊಂದು ಮನೆ, ಎಪ್ಪತ್ತಮೂರು ಜನ, ಅರವತ್ತೆರಡು ದನ, ಒಂದೇ ಹರಿಗೋಲು. ಗಡ್ಡೆಯ ನಡುಭಾಗ ಎತ್ತರದ ದಿಬ್ಬ. ಕನ್ನಂಬಾಡಿ ಕಟ್ಟೆಯಿಂದ ಎಷ್ಟೇ ನೀರು ಬಿಟ್ಟರೂ ಮನೆಗಳಿಗೆ ಮುಟ್ಟುವುದಿಲ್ಲ. ಆದ್ದರಿಂದ ನಾವು ನೀರಿಗೆ ಹೆದರುವ ಜನವಲ್ಲ. ಹೆದರುವುದು ಗಾಳಿಗೆ. ಹನ್ನೊಂದೂ ಹುಲ್ಲಿನ ಮನೆಗಳು.

ಮಂಗಳವಾರ ಮಧ್ಯಾಹ್ನ ಹರಿಗೋಲಿನ ತಾತ ಮಳವಳ್ಳಿಯಿಂದ ವೀಳ್ಯದೆಲೆ ತಂದವನು ಜೊತೆಗೆ ಒಂದು ಪೇಪರನ್ನೂ ತಂದ.

"ಅಮ್ಮಿ, ಇದ ಓದು. ಓಟ್ಲಲ್ಲಿ ಎಲ್ಲಾ ಇದೇ ಮಾತಾಡ್ತಾವ್ರೆ."

ಚಪ್ಪರದ ಕೆಳಗೇ ನಿಂತು ಓದಿದೆ. ಮದರಾಸಿನ ಆಚೆ ಸಮುದ್ರದಲ್ಲಿ ತೂಫಾನು ಎದ್ದಿದೆ, ಭೂಮಿಯ ಕಡೆಗೆ ಬರುತ್ತಿದೆ, ಶುಕ್ರವಾರದ ಹೊತ್ತಿಗೆ ಮೈಸೂರು ಸೀಮೆಯಲ್ಲೂ ಜೋರು ಗಾಳಿ ಮಳೆ ಆಗಬಹುದು ಎಂದಿತ್ತು. ಶುಕ್ರವಾರವೇ ಅಣ್ಣನ ಲಗ್ನ.

ಗಾಳಿ ಬರುವ ಸುದ್ದಿಯಾದರೆ ನಮ್ಮಲ್ಲಿ ಮಾಡುವ ಕೆಲಸ ಹಿಂದಿನಿಂದ ಬಂದದ್ದು. ಮಾಡಿನ ಮೇಲೆ ಅಡ್ಡಡ್ಡ ಹಗ್ಗ ಹಾಯಿಸಿ, ಎರಡು ಕಡೆಯೂ ತುದಿಗೆ ದಪ್ಪ ಕಲ್ಲು ಕಟ್ಟಿ ಇಳಿಬಿಡಬೇಕು. ಒಂದು ಮನೆಗೆ ಹದಿನೆಂಟು ಮಾರು ಬೇಕು. ಊರಿನ ಕತ್ತಾಳೆ ಹಗ್ಗವೆಲ್ಲ ನಮ್ಮ ಚಪ್ಪರದ ಗಂಟುಗಳಲ್ಲಿತ್ತು. ಹೊಸದಾಗಿ ಹೊಸೆಯೋಣವೆಂದರೆ ಕತ್ತಾಳೆ ಕೊಳೆತು ನಾರು ಬರುವುದಕ್ಕೇ ಹದಿನೈದು ದಿನ. ಯುದ್ಧ ಮುಗಿದಿದ್ದರೂ ಅಂಗಡಿಗಳಲ್ಲಿ ಹಗ್ಗ ಕಣ್ಣಿಗೆ ಬೀಳುತ್ತಿರಲಿಲ್ಲ.

ಅಪ್ಪ ಕಂಬಕ್ಕೆ ಒರಗಿ, "ಚಪ್ಪರ ಬಿಚ್ದೆ ದಾರಿ ಇಲ್ಲ" ಅಂದರು.

ಅಜ್ಜಿ ಜಗಲಿಯಿಂದ ಎದ್ದೇ ಬಿಟ್ಟಳು. "ಬಿಚ್ಚು ನೋಡಾನ! ಓದ್ ವರ್ಸ ಒಂದ್ಸಲ ಬಿಚ್ಚಿದ್ದಾಗದೆ. ತಾಳಿ ಬೀಳ್ದೆ ಎರಡ್ ಸಲ ಚಪ್ಪರ ಬಿಚ್ದ ಮನೆಗೆ ಯಾವ ಊರೋರ್ಲಾ ಎಣ್ಣು ಕೊಟ್ಟಾರು?"

ಅದು ನಿಜ. ಹಿಂದಿನ ವರ್ಷ ಬೇರೊಂದು ಹೆಣ್ಣು ಗೊತ್ತಾಗಿ, ಚಪ್ಪರ ಹಾಕಿದ ಮೇಲೆ ಆ ಮನೆಯಲ್ಲಿ ಸಾವಾಯಿತು. ಸೂತಕ ಕಳೆಯುವಷ್ಟರಲ್ಲಿ ಸಂಬಂಧವೂ ಮುರಿಯಿತು. ಆಮೇಲೆ ಅಣ್ಣನಿಗೆ ಹೆಣ್ಣು ಕೇಳಲು ಹೋದ ಆರು ಮನೆಗಳಲ್ಲಿ ಐದು ಮನೆಯವರು ಆ ಮಾತನ್ನೇ ಎತ್ತಿದ್ದರು. ಒಪ್ಪಿದ್ದು ಕಿರುಗಾವಲಿನ ಕಡೆಯವರು ಮಾತ್ರ.

ಮೂಡಲ ಮನೆಯ ಗೌಡ ರೇಗಿದ. "ನಿನ್ ಮೊಮ್ಮಗನ್ ಮದ್ವೆಗೋಸ್ಕರ ನಮ್ ಸೂರು ಆರೋಗ್ಬೇಕೇನಜ್ಜಿ?"

"ಆರೋಗ್ಲಿ ಬುಡ್ಲಾ. ಇದ್ದಾಗೇನು ಸೋರ್ದೆ ಇತ್ತಾ?"

ನಗು ಬಂದರೂ ಜನ ನಗುವ ಸ್ಥಿತಿಯಲ್ಲಿರಲಿಲ್ಲ. ನಾನು ಮನೆಮನೆಗೂ ಹೋಗಿ ಇದ್ದಬದ್ದ ಹಗ್ಗವನ್ನು ನನ್ನ ತೋಳಿನಲ್ಲೇ ಅಳೆದು ಬಂದು ಲೆಕ್ಕ ಓದಿದೆ. ಚಪ್ಪರದ್ದು ಬಿಟ್ಟರೆ ಊರಲ್ಲಿರುವುದು ಮೂವತ್ತೇಳು ಮಾರು. ಅದರಲ್ಲಿ ಎರಡು ಮನೆ ಉಳಿಯುತ್ತವೆ. ಚಪ್ಪರದ್ದೂ ಸೇರಿದರೆ ಇನ್ನೂರ ಒಂದು. ಬೇಕಾದ್ದು ನೂರ ತೊಂಬತ್ತೆಂಟು. ಹನ್ನೊಂದೂ ಉಳಿದು ಮೂರು ಮಾರು ಮಿಗುತ್ತದೆ.

ನಮ್ಮ ಮನೆಯಲ್ಲೇ ಇರುವ ಸೋದರತ್ತೆ, ಅಪ್ಪನ ಅಕ್ಕ, ಅಡಿಕೆ ಕತ್ತರಿಸುತ್ತ ತಲೆ ಎತ್ತದೆಯೇ ಹೇಳಿದಳು:

"ಚಪ್ಪರ ಬಿಚ್ಚೋಕಾಗಲ್ಲ ಅಂದ್ರೆ ತಾಳಿನೇ ಮುಂದ್ಕೆ ಎಳ್ಕಳಿ. ಅಷ್ಟೇಯ."

ಆ ಕ್ಷಣದಿಂದ ಅಣ್ಣನ ಮದುವೆಯ ಮೇಲೆ ಅಣ್ಣನಿಗಿಂತ ಗಡ್ಡೆಯವರಿಗೇ ಹೆಚ್ಚು ಆಸೆ ಹುಟ್ಟಿತು. ರೇಗಿದ್ದ ಗೌಡನೇ ಹೊಳೆ ದಾಟಿ ಪುರೋಹಿತರನ್ನು ಕೇಳಿಕೊಂಡು ಬಂದ. ಗುರುವಾರ ಸೂರ್ಯ ನೆತ್ತಿಗೆ ಬರುವ ಹೊತ್ತು ದೋಷವಿಲ್ಲ ಅಂದರಂತೆ. ತಾಳಿ ಬಿದ್ದ ಮೇಲೆ, ಮೊದಲು ಪೂಜಿಸಿ ನೆಟ್ಟ ಹಾಲುಗಂಬವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬಿಚ್ಚಬಹುದು ಎಂದು ಅಜ್ಜಿಯೂ ಒಪ್ಪಿದಳು. ಉಳಿದದ್ದು ಹೆಣ್ಣಿನ ಕಡೆಯವರು.

ಸಂಜೆ ಮನೆಯ ಮಾಡಿನ ಕೆಳಗೇ ಇದ್ದ ಕೊಟ್ಟಿಗೆಯಲ್ಲಿ ಅಣ್ಣ ಎತ್ತಿನ ಮೈ ತಿಕ್ಕುತ್ತ ಕೇಳಿದ. "ಅವ್ರು ಒಪ್ದೆ ಓದ್ರೆ?"

"ಒಪ್ತಾರೆ ಕಣಣ್ಣ."

"ಅದ್ನೂ ಲೆಕ್ಕ ಆಕ್ಬುಟ್ಯಾ?" ಅಂದ. ಆದರೆ ಅವನ ಕೈ ಒಂದೇ ಜಾಗವನ್ನು ತಿಕ್ಕುತ್ತಿತ್ತು.

ಬುಧವಾರ ಬೆಳಗ್ಗೆ ಅತ್ತೆ ನನ್ನನ್ನು ಜೊತೆಗೆ ಕರೆದುಕೊಂಡು ಹೊರಟಳು. ಪೇಪರು ಓದಿ ತೋರಿಸಲು ಒಬ್ಬರು ಬೇಕಿತ್ತು. ಹರಿಗೋಲು ಇಳಿದು ಗಾಡಿಯಲ್ಲಿ ಕಿರುಗಾವಲಿಗೆ ಹೋದೆವು. ಅವರದು ಹೆಂಚಿನ ಮನೆ, ಅಂಗಳದ ತುಂಬ ಹಪ್ಪಳ ಒಣಗುತ್ತಿತ್ತು. ಹೆಣ್ಣಿನ ತಂದೆ ಎತ್ತರದ ಆಳು, ಮಾತು ಅದಕ್ಕಿಂತ ಎತ್ತರ. ಪೇಪರು ಪೂರ್ತಿ ಕೇಳಿ ತಲೆಯಾಡಿಸಿದರು.

"ಲಗ್ನಪತ್ರಿಕೆಲಿ ಬರ್ಸಿರೋದು ಸುಕ್ರವಾರ. ನನ್ ಮಗ್ಳೇನು ಸಂತೆ ಸೊಪ್ಪಾ, ಬಾಡೋಯ್ತದೆ ಅಂತ ಮುಂಚೆ ಕೊಡೋಕೆ?"

"ಸುಕ್ರವಾರ ಒಳೆ ತುಂಬ್ಕಂಡ್ರೆ ನೀವು ಆ ದಡ, ನಾವು ಈ ದಡ" ಅಂದಳು ಅತ್ತೆ. "ಧಾರೆನ ಒಳೆಗೇ ಉಯ್ತೀರಾ ಬೀಗ್ರೆ?"

"ಅಂಗಾರೆ ಮಾಘಕ್ಕೆ ಮಾಡಾನ."

ಮಾಘ ಎಂದರೆ ಚಪ್ಪರ ಬಿಚ್ಚಿದ ಹಾಗೇ. ಅತ್ತೆ ಬಾಯಿ ತೆರೆಯುವ ಮೊದಲೇ ನೋಟುಬುಕ್ಕು ಬಿಚ್ಚಿ ಹಗ್ಗದ ಲೆಕ್ಕವನ್ನೆಲ್ಲ ಗಟ್ಟಿಯಾಗಿ ಓದಿಬಿಟ್ಟೆ. ಮೂವತ್ತೇಳು, ನೂರ ಅರವತ್ತನಾಲ್ಕು, ಹನ್ನೊಂದು ಸೂರು. ಲೆಕ್ಕ ಸರಿಯಾಗಿದ್ದರೆ ಯಾರಾದರೂ ಒಪ್ಪುತ್ತಾರೆ ಎಂಬುದು ಆಗ ನನ್ನ ನಂಬಿಕೆ.

ಅವರ ಮುಖ ಕೆಂಪಾಯಿತು. "ಅಂದ್ರೆ ನಿಮ್ಗೆ ಬೇಕಿರೋದು ಎಣ್ಣಲ್ಲ, ಅಗ್ಗ!"

ಅತ್ತೆ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಅಷ್ಟರಲ್ಲಿ ಒಳಬಾಗಿಲ ಹಿಂದಿನಿಂದ ತಡೆಯಲಾಗದ ನಗು ಕೇಳಿಸಿತು. ಮದುವೆಯ ಹೆಣ್ಣು. ಮುಖ ತೋರಿಸದೆಯೇ ಮಾತಾಡಿದಳು.

"ಅಪ್ಪಾ, ನಾ ಒಂದಿನ ಮುಂಚೆ ಓದ್ರೆ ಅನ್ನೊಂದ್ ಮನೆ ಸೂರು ಉಳೀತದೆ ಅಂದ್ರೆ ಓಯ್ತೀನಿ ಬುಡು. ನಾಡಿದ್ದು ಓಗೋಳು ನಾಳೀಕೆ ಓದ್ರೆ ಸವ್ದೋಯ್ತೀನಾ?"

ಒಳಗೆ ಹೆಂಗಸರೆಲ್ಲ ನಕ್ಕರು. ತಂದೆ ಬಾಗಿಲ ಕಡೆ ತಿರುಗಿ ಬೈಯಲು ಹೊರಟು, ಬೈಗುಳ ಸಿಗದೆ ಮೀಸೆ ತೀಡಿಕೊಂಡರು. ಕೊನೆಗೆ ಒಂದು ಷರತ್ತು ಹಾಕಿದರು. ಗುರುವಾರ ತಾಳಿ ಕಟ್ಟಿಸಿ, ಆದರೆ ಕ್ರಮ ಹಿಂದುಮುಂದಾದರೂ ಸರಿ, ಧಾರೆಯನ್ನು ಶುಕ್ರವಾರದ ಲಗ್ನಕ್ಕೇ ಎರೆಯಬೇಕು, ಆಕಾಶವೇ ಕಳಚಿ ಬೀಳಲಿ. ಅತ್ತೆ ಆ ಕ್ಷಣವೇ ಎಲೆ ಅಡಿಕೆ ಕೊಟ್ಟು ಮಾತು ಮುಗಿಸಿದಳು. ಗಾಡಿ ಹತ್ತಿದ ಮೇಲೆ ನನ್ನ ತೊಡೆ ಚಿವುಟಿ, "ಇನ್ನೊಂದ್ಸಲ ಆ ಬುಕ್ಕು ಬಿಚ್ಚೀಯೆ!" ಅಂದಳು.

ನಾವು ತಿರುಗಿ ಬರುವಷ್ಟರಲ್ಲಿ ಗಡ್ಡೆಯಲ್ಲಿ ಅರ್ಧ ಕೆಲಸ ಮುಗಿದಿತ್ತು. ಕೊಯ್ದ ರಾಗಿಯನ್ನು ಹೊತ್ತು ತಂದು ದಿಬ್ಬದ ಮೇಲೆ ಮೆದೆ ಒಟ್ಟಿದ್ದರು. ಕಾಳು ತುಂಬಿಡುವ ನೆಲದೊಳಗಿನ ಹಗೇವಿಗೆ ನೀರು ಇಳಿಯದಂತೆ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ್ದರು. ಬಲಿತ ಬಾಳೆಗೊನೆ ಹತ್ತೊಂಬತ್ತನ್ನು ಕಡಿದು ಒಳಗೆ ಇಟ್ಟಿದ್ದರು. ಯಾವುದು ಮದುವೆಯ ಕೆಲಸ, ಯಾವುದು ಗಾಳಿಯ ಕೆಲಸ ಎಂದು ಬೇರೆ ಮಾಡಿ ಬರೆಯಲು ನೋಡಿದೆ, ಆಗಲಿಲ್ಲ. ಮದುವೆಗೆ ಬೀಸಿದ ಹಿಟ್ಟೇ ಮಳೆಗೂ ಆಯಿತು. ಸೌದೆಯೂ ಅಷ್ಟೆ. ಹೆಂಗಸರು ಸೋಬಾನೆ ಹೇಳುತ್ತಲೇ ಕೋಳಿ ಹಿಡಿದು ಪಂಜರಕ್ಕೆ ತುಂಬುತ್ತಿದ್ದರು.

ಗುರುವಾರ ಬೆಳಗ್ಗೆ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೊಳೆಯ ಮೇಲೆ ಆಗಲೇ ಗಾಳಿ. ಹೆಣ್ಣಿನ ಕಡೆಯವರು ನಲವತ್ತೊಂದು ಜನ, ಪುರೋಹಿತರು, ವಾಲಗದವರು ಮೂವರು. ಹರಿಗೋಲು ಆರು ಸಲ ಹೋಗಿ ಬಂತು. ಎರಡನೆಯ ಸಲ ನಾನೂ ಹೆಣ್ಣಿನ ಪಕ್ಕ ಕುಳಿತಿದ್ದೆ. ಅವಳು ಹರಿಗೋಲು ಹತ್ತಿದ್ದು ಅದೇ ಮೊದಲು. ಅದು ಗಿರ್ರನೆ ಸುತ್ತಿದಾಗ ನನ್ನ ಕೈ ಹಿಡಿದುಕೊಂಡು ತಾತನಿಗೆ ಹೇಳಿದಳು:

"ಇದ ತಿರ್ಗ್ಸೋದ ನಿಲ್ಸು ತಾತ. ಯಾವ ದಡದೋನ್ನ ಮದ್ವೆ ಆಗ್ಬೇಕು ಅಂತಲೇ ಮರ್ತೋಯ್ತದೆ."

ತಾತ ನಕ್ಕು ನಕ್ಕು ಹುಟ್ಟು ಹಾಕುವುದನ್ನೇ ಮರೆತ.

ಮಧ್ಯಾಹ್ನ ಹಸೆಮಣೆಯ ಸುತ್ತ ನಾನು ಕಂಡಂಥ ಮದುವೆ ಬೇರೆಲ್ಲೂ ಕಂಡಿಲ್ಲ. ಇಪ್ಪತ್ತನಾಲ್ಕು ಕಂಬಕ್ಕೆ ಇಪ್ಪತ್ತನಾಲ್ಕು ಗಂಡಸರು, ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದು ಕೈ ಹಗ್ಗದ ಗಂಟಿನ ಮೇಲೆ. ಪುರೋಹಿತರು ಮಂತ್ರದ ನಡುವೆಯೇ ಗದರಿದರು: "ಮುಗಿಯೋವರೆಗೂ ಗಂಟು ಮುಟ್ಟಬೇಡಿರಯ್ಯಾ!" ವಾಲಗ ಜೋರಾಯಿತು, ತಾಳಿ ಬಿತ್ತು, ಅಕ್ಷತೆ ಹಾರಿತು. ನಾನು ನೂರು ಎಣಿಸುವಷ್ಟರಲ್ಲಿ ಗರಿಯೆಲ್ಲ ನೆಲಕ್ಕಿಳಿದು ಹೊಸ ಗಂಡ ಹೆಂಡತಿ ಬಯಲಲ್ಲಿ ಕುಳಿತಿದ್ದರು. ಅಣ್ಣ ಬಾಸಿಂಗ ಕಟ್ಟಿಕೊಂಡೇ ಎದ್ದು ಏಣಿ ಹಿಡಿದ.

ಹೆಣ್ಣಿನ ತಂದೆ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ಜರಿಯ ಪೇಟ ತೆಗೆದು ನನ್ನ ಕೈಗೆ ಕೊಟ್ಟರು. "ಕಲ್ಲಿಗೆ ಅಂಗಾ ಗಂಟು ಆಕೋದು? ಸರ್ಕಳಿ ಅತ್ಲಾಗೆ!" ಸಂಜೆಯ ಹೊತ್ತಿಗೆ ಹನ್ನೊಂದು ಮನೆಯಲ್ಲಿ ಆರು ಮನೆಯ ಗಂಟು ಅವರವೇ. ಮಿಕ್ಕ ಮೂರು ಮಾರಿನಲ್ಲಿ ಹರಿಗೋಲನ್ನು ಮೇಲಕ್ಕೆಳೆದು ಮರಕ್ಕೆ ಬಿಗಿದರು. ನನ್ನ ಲೆಕ್ಕ ಒಂದು ಗೇಣೂ ತಪ್ಪಲಿಲ್ಲವೆಂದು ನಾನು ಬೀಗಿದೆ.

ಶುಕ್ರವಾರ ಬೆಳಗಾಗುವಾಗ ಗಾಳಿ ಬಂತು. ತೆಂಗಿನ ಮರಗಳು ಬಾಗಿ ನೆಲ ನೋಡುತ್ತಿದ್ದವು. ಮಾಡಿನ ಕಲ್ಲುಗಳು ಗೋಡೆಗೆ ಬಡಿಯುವ ಸದ್ದು ಎಲ್ಲ ಕಡೆಯಿಂದ. ನಮ್ಮ ನಡುಮನೆಯಲ್ಲಿ ಅರವತ್ತು ಜನರನ್ನು ಎಣಿಸಿ ಆಮೇಲೆ ಬಿಟ್ಟುಬಿಟ್ಟೆ. ಕೊಟ್ಟ ಮಾತಿನಂತೆ ಲಗ್ನಕ್ಕೆ ಸರಿಯಾಗಿ ಧಾರೆ. ನಾಲ್ವರು ತೊಲೆ ಹಿಡಿದು ಜೋತುಬಿದ್ದಿದ್ದರು. ಪುರೋಹಿತರು ಮಂತ್ರವನ್ನು ಕೂಗಿ ಹೇಳುತ್ತಿದ್ದರು. ಹಾಲು ಕೈಮೇಲೆ ಬೀಳುವ ಹೊತ್ತಿಗೆ ಹಿತ್ತಿಲ ಕಡೆ ಬರ್‍ರನೆ ಏನೋ ಹರಿದು ಹೋದ ಸದ್ದು.

"ಏನಮ್ಮಿ ಓಗಿದ್ದು?" ಅಂದಳು ಅಜ್ಜಿ.

ಅವ್ವ ಇಣುಕಿ ನೋಡಿ ಬಂದಳು. "ಅಡ್ಗೆ ಮನೆ."

"ಓಗ್ಲಿ. ಧಾರೆ ನಿಲ್ಲುಸ್ಬ್ಯಾಡಿ."

ನನಗೆ ಆಗ ಹೊಳೆಯಿತು. ಊರಿನ ಹನ್ನೊಂದು ಮನೆ ಎಣಿಸಿದವಳು ನಮ್ಮ ಮನೆಯ ಹಿಂದೆ ಬೇರೆಯೇ ಮಾಡು ಹಾಕಿ ಕಟ್ಟಿದ್ದ ಅಡಿಗೆಮನೆಯನ್ನು ಎಣಿಸಿರಲಿಲ್ಲ. ಅದರ ಮೇಲೆ ಒಂದು ಮಾರು ಹಗ್ಗವೂ ಬಿದ್ದಿರಲಿಲ್ಲ.

ಶನಿವಾರ ಗಾಳಿ ಇಳಿಯಿತು, ಹೊಳೆ ಏರಿತು. ಹನ್ನೊಂದು ಮನೆಯ ಸೂರೂ ಇದ್ದವು. ನಮ್ಮ ಒಲೆ ಮಾತ್ರ ಬಯಲಲ್ಲಿತ್ತು. ಇನ್ನು ಹೊಳೆ ಇಳಿಯುವವರೆಗೆ ಹೆಣ್ಣಿನ ಕಡೆಯವರೆಲ್ಲ ಇಲ್ಲೇ. ಅತ್ತಿಗೆ ಯಾರನ್ನೂ ಕೇಳದೆ ಸೆರಗು ಸಿಕ್ಕಿಸಿ, ಒಲೆಯ ನೀರು ಬಳಿದು, ಒಳಗಿದ್ದ ಒಣಸೌದೆ ತಂದು ಬೆಂಕಿ ಮಾಡಿ ಎಸರಿಟ್ಟಳು. ನಾನು ತಪ್ಪೊಪ್ಪಿಕೊಂಡೆ. ಅವಳು ಮೇಲೆ ನೋಡಿ, "ಒಗೆ ಓಗೋಕೆ ಜಾಗ ಆಯ್ತಲ್ಲ ಬುಡು" ಅಂದಳು.

ಅಷ್ಟರಲ್ಲಿ ಅವಳ ತಂದೆ ಬಂದು ಹೊಸಿಲ ಮೇಲೆ ನಿಂತರು. ಗೋಡೆ ನೋಡಿದರು, ಸೂರಿಲ್ಲದ ಆಕಾಶ ನೋಡಿದರು, ಮಸಿ ಬಳಿದುಕೊಂಡ ಮಗಳನ್ನು ನೋಡಿದರು. ಬಾಗಿಲ ಬಳಿ ಅಣ್ಣ ನಿಂತಿದ್ದ.

"ನೆನ್ನೆ ತಾನೆ ಧಾರೆ ಎರ್ದಿದೀನಿ, ಇವತ್ತು ನೋಡುದ್ರೆ..." ಎಂದು ಶುರು ಮಾಡಿದರು.

"ಅಪ್ಪಾ, ಮುದ್ದೆ ಆರೋಯ್ತದೆ. ಕೂತ್ಕೊ."

ಕುಳಿತರು. ಒಂದು ಮುದ್ದೆ ಉಂಡರು. ಎರಡನೆಯದಕ್ಕೆ ತಾವೇ ತಟ್ಟೆ ಚಾಚಿದರು. ಕೈ ತೊಳೆದು ಅಣ್ಣನ ಕಡೆ ತಿರುಗಿ ಗದರಿದರು:

"ಏನ್ಲಾ ಅಳಿಯ, ನೋಡ್ತಾ ನಿಂತಿದ್ದೀಯ? ಕೊಟ್ಟಿಗೆಲಿರೋ ಆ ಚಪ್ಪರದ ಗರಿ ತತ್ತಾ. ನಿಂಗೆ ಗಂಟು ಆಕೋಕೆ ಬರಲ್ಲ, ಮೊನ್ನೇನೇ ನೋಡ್ದೆ. ಕಲ್ಸೇ ಓಯ್ತೀನಿ."

ಆ ಮಧ್ಯಾಹ್ನವೇ ಮಾವ ಅಳಿಯ ಇಬ್ಬರೂ ಗೋಡೆ ಹತ್ತಿದರು. ಸೋಮವಾರ ಹೊಳೆ ಇಳಿದು ಹರಿಗೋಲು ನೀರಿಗೆ ಬಿತ್ತು, ನೆಂಟರೆಲ್ಲ ಹೋದರು. ಅತ್ತಿಗೆಯ ತಂದೆ ಮಾತ್ರ ಹೊರಟದ್ದು ಗುರುವಾರ, ಅಳಿಯನ ಗಂಟು ಬಿಗಿಯಾದ ಮೇಲೆ.