ಹುಣಸೆಹಣ್ಣು ತಿಂದ ನಂಬರು

ನಮ್ಮ ಮನೆ ಬೆಂಗಳೂರಿನ ಸಾರಕ್ಕಿಯ ಒಳರಸ್ತೆಯಲ್ಲಿತ್ತು. ಈಗ ಅಲ್ಲಿ ಫ್ಲ್ಯಾಟು ಏಳುತ್ತಿದೆ. ಆ ಮನೆಯ ಹಿತ್ತಲಿನ ಶೀಟಿನ ಶೆಡ್ಡಿನಲ್ಲಿ, ನಾನು ಮದುವೆಯಾಗಿ ಬಂದ ದಿನದಿಂದಲೂ, ಒಂದು ರೇಸ್ ಕಾರು ನಿಂತಿತ್ತು. ಒಂದೇ ಸೀಟು. ಬಾಗಿಲಿಲ್ಲ, ಚಾವಣಿಯಿಲ್ಲ, ಎಂಜಿನ್ನು ಬೆನ್ನ ಹಿಂದೆ. ಮೊದಲ ಸಲ ನೋಡಿದಾಗ ಯಾರೋ ದೋಣಿಗೆ ಚಕ್ರ ಹಾಕಿದ್ದಾರೆ ಅಂದುಕೊಂಡಿದ್ದೆ.

ಮಾವನವರು ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ರಜೆಯಲ್ಲಿ, ಕಾಫಿ ತೋಟದ ದೊರೆಯೊಬ್ಬರ ಈ ವಿಲಾಯಿತಿ ಕಾರನ್ನು ರೇಸುಗಳಲ್ಲಿ ಓಡಿಸುತ್ತಿದ್ದರಂತೆ. ಒಂದು ರೇಸಿನಲ್ಲಿ ಕಾರು ಗೋಡೆಗೆ ಗುದ್ದಿ ಮೂತಿ ಜಜ್ಜಿಸಿಕೊಂಡಿತು. ದೊರೆ ದೇಶ ಬಿಟ್ಟು ಹೋಗುವಾಗ ಅದನ್ನು ಮಾವನವರಿಗೇ ಕೊಟ್ಟು ಹೋದರು. ತಿಲಕ್ ನಗರದ ಗ್ಯಾರೇಜೊಂದರಲ್ಲಿ ರಿಪೇರಿಯಾಗಿ ಅದು ನಮ್ಮ ಶೆಡ್ಡು ಸೇರಿತು. ಇದು ಮಾವನವರು ಹೇಳುತ್ತಿದ್ದ ಕಥೆ. ನಮ್ಮನೆಯವರು ಅದನ್ನು ಅಕ್ಷರಶಃ ನಂಬಿದ್ದರು. ಅವರ ಅಣ್ಣ, ನನ್ನ ಭಾವನವರು, ನಂಬಿರಲಿಲ್ಲ. ದೊರೆ ಅಸಲಿ ಕಾರನ್ನು ಮದ್ರಾಸಿನ ಕಡೆಯವರಿಗೆ ಮಾರಿಬಿಟ್ಟ, ಅಪ್ಪ ಅದರ ಆಸೆಗೆ ಅಂಥದ್ದೇ ಒಂದನ್ನು ಗ್ಯಾರೇಜಿನಲ್ಲಿ ತಟ್ಟಿಸಿಕೊಂಡರು ಎನ್ನುವುದು ಅವರ ವಾದ.

"ತಿಲಕ್ ನಗರದ ತಗಡು ಕಣೋ ಅದು" ಎನ್ನುತ್ತಿದ್ದರು. ಹಬ್ಬಕ್ಕೆ ಅರೆಕೆರೆಯಿಂದ ಬಂದರೆ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಅದನ್ನು ಒಂದು ಸಲ ಹೇಳಲೇಬೇಕು. ನಮ್ಮನೆಯವರು ಅರ್ಧ ಊಟಕ್ಕೆ ಕೈ ತೊಳೆಯಲೇಬೇಕು. ಎಷ್ಟು ಹಬ್ಬ ಹೀಗೆ ಹೋದವೋ. ಬಡಿಸುವವಳು ನಾನು. ಸೌಟು ಹಿಡಿದು ಯಾರ ಮುಖ ನೋಡಲಿ?

ಮನೆಯನ್ನು ಬಿಲ್ಡರಿಗೆ ಕೊಡುವುದೆಂದು ಅಣ್ಣ ತಮ್ಮ ಒಪ್ಪಿದರು. ಕಟ್ಟಡ ಏಳುವವರೆಗೆ ನಾವು ಬಿಟಿಎಮ್ಮಿನಲ್ಲಿ ಬಾಡಿಗೆ ಮನೆ ನೋಡಿಕೊಂಡೆವು, ಎರಡನೇ ಮಹಡಿ. ಕಾರನ್ನು ಎಲ್ಲಿಡುವುದು? ಹಳೇ ಗಾಡಿಗಳನ್ನು ಕಾಪಾಡಿ ಜನರಿಗೆ ತೋರಿಸುವ ಒಂದು ಟ್ರಸ್ಟಿನವರು, ಅಸಲಿಯಾದರೆ ತಾವೇ ಒಯ್ದು ಇಟ್ಟುಕೊಳ್ಳುತ್ತೇವೆ, ನಕಲಾದರೆ ಬೇಡ ಎಂದರು. ನಕಲಾದರೆ ಗುಜರಿಗೆ ಎಂದು ಭಾವನವರು ಆಗಲೇ ಒಬ್ಬನಿಗೆ ಹೇಳಿಟ್ಟಿದ್ದರು. ನಮ್ಮನೆಯವರಿಗೆ ನಿದ್ದೆ ಹೋಯಿತು. ಅಪ್ಪ ಸುಳ್ಳು ಹೇಳಿದರಾ ಇಲ್ಲವಾ ಎನ್ನುವುದು ಅವರಿಗೆ ಈ ವಯಸ್ಸಿನಲ್ಲಿ ತೀರ್ಮಾನವಾಗಬೇಕಿತ್ತು. ಅವರ ಬಿ.ಪಿ. ಮಾತ್ರೆ ಬದಲಾಯಿತು. ನನ್ನ ಬೆನ್ನು ನೋವು ಮಾತ್ರ ಹಳೆಯದೇ.

ಅಲ್ಲಿಂದ ಮುಂದೆ ನೋಡುವವರ ಸಾಲು. ಕ್ಲಬ್ಬಿನವರು, ಕಾರಿನ ಹುಚ್ಚಿನವರು, ಸುಮ್ಮನೆ ಫೋಟೋ ಹೊಡೆದುಕೊಳ್ಳುವವರು. ಒಬ್ಬರು ನೂರಕ್ಕೆ ನೂರು ಅಸಲಿ ಎಂದು ಹೋದರೆ, ಮಾರನೆಯವರು ಚಕ್ರ ನೋಡಿಯೇ ಮೂಗು ಮುರಿದರು. ಎಲ್ಲರೂ ಕಾಫಿ ಕುಡಿದರು. ಒಂದು ಕಡೆ ಪಾತ್ರೆ ಡಬ್ಬಕ್ಕೆ ತುಂಬಬೇಕು, ಇನ್ನೊಂದು ಕಡೆ ತುಂಬಿದ ಡಬ್ಬ ಬಿಚ್ಚಿ ಲೋಟ ತೆಗೆಯಬೇಕು. ಮಂಗಳವಾರ ರಾಹುಕಾಲದಲ್ಲಿ ಬನಶಂಕರಿ ಅಮ್ಮನ ಮುಂದೆ ನಿಂಬೆಹಣ್ಣಿನ ದೀಪ ಹಚ್ಚಿದೆ. ಅಸಲಿ ಆಗಲಿ ಎಂದು ಕೇಳಲಿಲ್ಲ. ಕೇಳುವ ಶಕ್ತಿಯೂ ಇರಲಿಲ್ಲ. ಯಾವುದಾದರೂ ಒಂದು ಕಡೆ ಆಗಿಹೋಗಲಿ ತಾಯಿ ಎಂದೆ. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅಷ್ಟು ದಯೆ ಸಾಕೆನಿಸಿತು.

ಕೊನೆಗೆ ಟ್ರಸ್ಟಿನವರೇ ಪರೀಕ್ಷೆಗೆಂದು ಒಬ್ಬರನ್ನು ಕಳಿಸಿದರು. ಹಳೇ ರೇಸ್ ಕಾರುಗಳ ಅಸಲಿತನ ನೋಡುವುದೇ ಅವರ ಕೆಲಸವಂತೆ. ಭಾವನವರೂ ಕುರ್ಚಿ ಹಾಕಿಸಿಕೊಂಡು ಶೆಡ್ಡಿನ ಬಾಗಿಲಲ್ಲಿ ಕೂತರು.

ಆ ಮನುಷ್ಯ ಚಪ್ಪಲಿ ಬಿಟ್ಟು ಒಳಗೆ ಬಂದದ್ದು ನನಗೆ ಹಿಡಿಸಿತು. ಮೊದಲು ಕೇಳಿದ್ದು ನಂಬರಿನ ಪ್ಲೇಟು. ಕಾರು ಮಾಡಿದ ಕಂಪನಿಯವರು ಸ್ಟೇರಿಂಗಿನ ಮುಂದೆ ಒಂದು ಹಿತ್ತಾಳೆ ತುಂಡಿನ ಮೇಲೆ ಕಾರಿನ ನಂಬರು ಕೆತ್ತಿ ಕೂರಿಸಿರುತ್ತಾರಂತೆ. ಅವರು ಟಾರ್ಚು ಬಿಟ್ಟರು. ಹಿತ್ತಾಳೆ ಬಂಗಾರದಂತೆ ಹೊಳೆಯಿತು. ಅದರ ಮೇಲೆ ಏನೂ ಇರಲಿಲ್ಲ. ಒಂದು ಅಂಕಿಯಿಲ್ಲ, ಒಂದು ಗೀರಿಲ್ಲ.

"ಇದನ್ನ ಯಾರು ಉಜ್ಜಿದ್ದು?" ಎಂದರು.

"ನಾನೇ ಸಾರ್. ನನಗಿಂತ ಮುಂಚೆ ನಮ್ಮತ್ತೆ. ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು ಹಾಕಿ ಉಜ್ತೀವಲ್ಲ."

ಆ ಮನೆಯಲ್ಲಿ ಅತ್ತೆಯವರ ಕಟ್ಟಳೆ ಎರಡೇ: ಹಿತ್ತಾಳೆ ಕಂಡರೆ ಉಜ್ಜು, ಕುಂಕುಮ ಕಂಡರೆ ಒರೆಸಬೇಡ. ದೀಪದ ಕಂಬ, ಗಂಟೆ, ಕೊಳಗದ ಜೊತೆಗೆ ಕಾರಿನ ಹಿತ್ತಾಳೆಯೂ ಸಾಲಿಗೆ ಸೇರಿತ್ತು. ಅದರ ಮೇಲಿದ್ದ ಇಂಗ್ಲಿಷ್ ಅಂಕಿಗಳು ಕಪ್ಪಗೆ ಕೊಳೆಯ ಹಾಗೆ ಕಾಣುತ್ತಿದ್ದವು. ಅವು ಸವೆದಷ್ಟೂ ನಮಗೆ ತೃಪ್ತಿ.

ಅವರು ಟಾರ್ಚು ಆರಿಸಿದರು. "ಬಹಳ ಚೆನ್ನಾಗಿ ಉಜ್ಜಿದ್ದೀರಿ ಮೇಡಂ" ಎಂದರು.

"ನೋಡಪ್ಪಾ, ಸಾಕ್ಷಿನೇ ಸಾರು ಮಾಡಿಬಿಟ್ಟಿದ್ದಾರೆ" ಎಂದು ಭಾವನವರು ಕುರ್ಚಿಯಿಂದಲೇ ನಕ್ಕರು. ನಮ್ಮನೆಯವರು ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ದೊಡ್ಡ ಉಪಕಾರ.

ಆಮೇಲೆ ಅವರು ಜೇಬಿನಿಂದ ಅಯಸ್ಕಾಂತ ತೆಗೆದರು. ಆ ಕಂಪನಿ ಮೈಗೆ ಅಲ್ಯುಮಿನಿಯಂ ಮಾತ್ರ ಹಾಕುತ್ತಿತ್ತು, ಅದಕ್ಕೆ ಇದು ಅಂಟಬಾರದು ಎಂದು ವಿವರಿಸಿದರು. ಮೂತಿಯ ಹತ್ತಿರ ಹಿಡಿದ ಕೂಡಲೇ ಟಕ್ಕೆಂದು ಅಂಟಿತು.

"ತಗಡು" ಎಂದರು ಭಾವನವರು. ಒಂದೇ ಮಾತು, ಆರಾಮಾಗಿ.

ಹಿಂದಿನ ಮೈಗೆ ಹಿಡಿದರು. ಜಾರಿ ಬಿತ್ತು. ಮತ್ತೆ ಹಿಡಿದರು, ಮತ್ತೆ ಬಿತ್ತು. ಅವರು ಹಿಂಭಾಗದಲ್ಲಿ ಮಂಡಿಯೂರಿ, "ಚೌಕಟ್ಟಿನ ಕೊಳವೆ ಮೇಲೆ ಇಲ್ಲೇ ಇನ್ನೊಂದು ಸಲ ನಂಬರ್ ಕುಟ್ಟಿರ್ತಾರೆ. ಆದ್ರೆ ಇಲ್ಲಿ ಏನೋ ಮೆತ್ತಿದೆಯಲ್ಲ ಮೇಡಂ, ಗೋಡೆ ಥರ?" ಎಂದರು.

ಮೆತ್ತಿದ್ದವರು ನಾವೇ. ಕಾರನ್ನು ಶೆಡ್ಡಿಗೆ ಮೂತಿ ಮುಂದಾಗಿ ನೂಕಿ ನಿಲ್ಲಿಸಿದ್ದರಿಂದ ಮುಖ ಗೋಡೆಯ ಕಡೆಗಿತ್ತು. ಮುಂದೆ ಹೋಗಿ ಆರತಿ ಎತ್ತಲು ಜಾಗವಿಲ್ಲದೆ ಅಷ್ಟೂ ವರ್ಷ ಅದರ ಬೆನ್ನಿಗೇ ಪೂಜೆ ಮಾಡಿದ್ದೆವು. ಬೊಟ್ಟಿಟ್ಟ ಕಡೆಯೇ ಬೊಟ್ಟು, ಒರೆಸುವ ಹಾಗಿಲ್ಲ. ಗಂಧ, ಅರಿಸಿನ, ಕುಂಕುಮ, ಎಣ್ಣೆಯ ಜಿಡ್ಡು, ಕರ್ಪೂರದ ಮಸಿ ಎಲ್ಲ ಸೇರಿ ಬೆರಳು ದಪ್ಪಕ್ಕೆ ಕಲ್ಲಾಗಿತ್ತು.

"ತೆಗೀಬಹುದಾ?" ಎಂದು ಅವರು ಕೇಳಿದರು.

ನಾನೇ ತೆಗೆಯುತ್ತೇನೆ ಎಂದೆ. ನಾಲ್ಕು ಕಾಳು ಅಕ್ಷತೆ ಹಾಕಿ, ಗಣಪತಿಯನ್ನು ಕದಲಿಸುವ ಹಾಗೆ ಕೈಮುಗಿದೆ. ಬಿಸಿನೀರು ತಂದೆ.

"ಹುಣಸೆಹಣ್ಣು ಬೇಡ ಮೇಡಂ" ಎಂದರು ಆ ಮನುಷ್ಯ.

ಒದ್ದೆ ಬಟ್ಟೆ ಇಟ್ಟು ನೆನೆಸಿ ನೆನೆಸಿ ಬಿಡಿಸಿದೆ. ಅತ್ತೆಯವರು ಹಚ್ಚಿದ್ದು ಅಡಿಯಲ್ಲಿ, ನಾನು ಹಚ್ಚಿದ್ದು ಮೇಲೆ. ಬಿದ್ದ ಚೂರನ್ನೆಲ್ಲ ತುಳಸಿ ಬುಡಕ್ಕೆ ಹಾಕಲೆಂದು ಸೆರಗಿನಲ್ಲಿ ಕಟ್ಟಿಕೊಂಡೆ. ಮಂಡಿ ಚುಚ್ಚುತ್ತಿತ್ತು. ಹಿಂದೆ ನಮ್ಮನೆಯವರ ಉಸಿರು ಕೇಳುತ್ತಿತ್ತು. ಕಬ್ಬಿಣ ಕಂಡಿತು. ಅದರ ಮೇಲೆ ಅಂಕಿಗಳು ಕಂಡವು. ಕೊನೆಯ ಎರಡನ್ನು ತುಕ್ಕು ತಿಂದಿತ್ತು. ಉಳಿದವು ಇದ್ದವು.

ಅವರು ಬೆರಳಾಡಿಸಿದರು, ಫೋನಿನಲ್ಲಿದ್ದ ಚಿತ್ರಗಳ ಪಕ್ಕ ಹಿಡಿದು ನೋಡಿದರು. "ಈ ನಾಲ್ಕರ ಅಂಕಿ ನೋಡಿ ಸಾರ್, ತಲೆ ತೆರೆದಿದೆ. ಆ ಕಂಪನಿ ಅಚ್ಚಲ್ಲಿ ಮಾತ್ರ ಹೀಗೆ. ಇಲ್ಲಿ ಗ್ಯಾರೇಜಿನ ಅಚ್ಚಲ್ಲಿ ನಾಲ್ಕರ ತಲೆ ಮುಚ್ಚಿರುತ್ತೆ. ಹಿಂದಿನ ಚೌಕಟ್ಟು, ಮೈ ಅಲ್ಲಿಂದ್ಲೇ ಬಂದಿದ್ದು. ಸೀಟಿನ ಮುಂದೆ ಕೊಳವೆ ಕತ್ತರಿಸಿ ಬೆಸೆದಿದ್ದಾರೆ, ಮೂತಿ ಪೂರ್ತಿ ಇಲ್ಲಿಯ ಕೆಲಸ. ಗುದ್ದಿರೋದು ನಿಜ."

"ಅದೆಲ್ಲ ಇರಲಿ. ಒರಿಜಿನಲ್ಲೋ ಡೂಪ್ಲಿಕೇಟೋ, ಒಂದು ಮಾತು ಹೇಳಿಬಿಡಿ ಸಾರ್" ಎಂದರು ಭಾವನವರು.

"ಏಟು ಬಿದ್ದ ಕಡೆ ಹೊಸದು ಹಾಕಿದ್ದಾರೆ ಅಷ್ಟೇ. ಮಂಡಿ ಬದಲಾಯಿಸಿಕೊಂಡವರನ್ನ ನಾವು ಡೂಪ್ಲಿಕೇಟ್ ಅಂತೀವಾ ಸಾರ್?"

ಭಾವನವರಿಗೆ ಎರಡೂ ಮಂಡಿ ಬದಲಾಯಿಸಿ ವರ್ಷಗಳಾಗಿದ್ದವು. ಅವರು ಕುರ್ಚಿ ಬೇಕೆಂದದ್ದೂ ಅದಕ್ಕೇ. ಪಾಪ, ಆ ಮನುಷ್ಯನಿಗೆ ಅದು ಗೊತ್ತಿರಲಿಲ್ಲ. ನಮ್ಮನೆಯವರು ಗೋಡೆ ಹಿಡಿದುಕೊಂಡು ನಕ್ಕರು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡರು. "ಅಪ್ಪ ಹೇಳಿದ್ದು ಇದನ್ನೇ ಅಲ್ವೇನೋ ಅಣ್ಣ" ಎಂದರು. ಭಾವನವರು ಪಂಚೆ ಸರಿಮಾಡಿಕೊಂಡು, "ಮೂತಿ ತಗಡು ಅಂತ ನಾನೂ ಹೇಳಿದ್ನಲ್ಲ" ಎಂದರು.

ಟ್ರಸ್ಟಿನವರು ಒಪ್ಪಿದರು. ಮುಂಭಾಗವನ್ನು ಬೆಂಗಳೂರಿನಲ್ಲಿ ಹೊಸದಾಗಿ ಕಟ್ಟಿದ್ದು ಎಂದು ಪಕ್ಕದಲ್ಲಿ ಬೋರ್ಡು ಹಾಕುತ್ತೇವೆ ಎಂದರು. ಕಾರನ್ನು ಹಿಂದಕ್ಕೆ ನೂಕಿ ಹೊರಗೆ ತಂದು ಲಾರಿಗೆ ಏರಿಸುವಾಗ ಅದರ ಮುಖವನ್ನು ಬೆಳಕಿನಲ್ಲಿ ಮೊದಲ ಸಲ ನೋಡಿದೆ. ನಿಂಬೆಹಣ್ಣು ಇಳಿ ತೆಗೆದು ಲಾರಿಯ ಚಕ್ರದ ಕೆಳಗಿಟ್ಟೆ. ಸಿಗ್ನಲ್ಲಿನ ಗದ್ದಲದಲ್ಲಿ ಲಾರಿ ಕಾಣದಂತಾಯಿತು. ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಮಲಗಿಕೊಳ್ಳಬೇಕು ಅನ್ನಿಸಿತು. ಮಲಗಿದೆ. ಅವತ್ತು ಯಾರೂ ಕಾಫಿ ಕೇಳಲಿಲ್ಲ.

ಬಾಡಿಗೆ ಮನೆಯಲ್ಲಿ ಆಯುಧಪೂಜೆ ಬಂತು. ಅಭ್ಯಾಸಬಲದಿಂದ ದೊಡ್ಡ ಉಂಡೆ ಹುಣಸೆಹಣ್ಣು ನೆನೆಹಾಕಿದ್ದೆ. ಉಜ್ಜಲು ಎರಡು ದೀಪ, ಒಂದು ಗಂಟೆ ಬಿಟ್ಟರೆ ಏನೂ ಇರಲಿಲ್ಲ. ಉಳಿದದ್ದರಲ್ಲಿ ಗೊಜ್ಜು ಮಾಡಿದೆ. ಭಾವನವರು ಲಿಫ್ಟಿಲ್ಲದ ಮೆಟ್ಟಿಲು ಬೈದುಕೊಂಡು ಹತ್ತಿ ಬಂದರು. ಎಲೆಗೆ ಪಾಯಸ ಬಿತ್ತು. ನಾನು ಸೌಟು ಹಿಡಿದು ಕಾದೆ.

"ಏನೇ ಆಗಲಿ ಕಣೋ, ಅರ್ಧ ತಗಡೇ" ಎಂದರು ಭಾವನವರು.

ನಮ್ಮನೆಯವರು ತಲೆ ಎತ್ತಲಿಲ್ಲ. "ಅನ್ನ ಹಾಕೇ, ಗೊಜ್ಜು ಇನ್ನೊಂಚೂರು" ಎಂದು ಎಲೆ ಮುಂದಕ್ಕೆ ಸರಿಸಿದರು.